ದೊಡ್ಡ ಟೈರು: ಕೊಳ್ಳುವ ಮುನ್ನ ಅಳೆಯಿರಿ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳೆರಡರಲ್ಲೂ ಟೈರು ಕಾರ್ಖಾನೆಗಳಿವೆ. ಸುತ್ತಲಿನ ಕಪ್ಪುಮಣ್ಣಿನ ಹಾದಿಗಳು ಮಳೆಗಾಲದಲ್ಲಿ ಕೆಸರಾಗುವುದರಿಂದ, ನಾಲ್ಕು ಚಕ್ರ ಚಾಲನೆಯ ಪಿಕಪ್ ವಾಹನಕ್ಕೆ ದೊಡ್ಡದಾದ ಸರ್ವೋಪಯೋಗಿ ಟೈರು ಹಾಕಿಸುವ ಆಸೆ ಸಹಜ. ಆದರೆ ಎತ್ತರಿಸದ ವಾಹನದಲ್ಲಿ ಚಕ್ರದ ಕಮಾನಿನೊಳಗಿನ ಸ್ಥಳ ಮಿತವಾದುದು.

ಉದಾಹರಣೆಗೆ, 235/70 ಆರ್ 16 ಟೈರಿನ ವ್ಯಾಸ ಸುಮಾರು 735 ಮಿ.ಮೀ.; 245/75 ಆರ್ 16 ಟೈರಿನದು 774 ಮಿ.ಮೀ. ನೆಲದಿಂದ ದೊರೆಯುವ ಹೆಚ್ಚಿನ ಎತ್ತರ ಈ ವ್ಯತ್ಯಾಸದ ಅರ್ಧ, ಅಂದರೆ ಸುಮಾರು 19 ಮಿ.ಮೀ. ಮಾತ್ರ. ಮೊದಲು ಸರಿಯಾಗಿದ್ದ ವೇಗಮಾಪಕವು 80 ತೋರಿಸುವಾಗ ನಿಜವಾದ ವೇಗ 84 ಆಗಿರುತ್ತದೆ. ಬ್ರೇಕಿನ ಬಲವೂ ತಗ್ಗುತ್ತದೆ.

ಆದುದರಿಂದ ತಯಾರಕರು ಸೂಚಿಸಿದ ಅಳತೆಗಳಲ್ಲಿಯೇ ಆರಿಸಿರಿ. ಭಾರ ಹೊರುವ ಸಾಮರ್ಥ್ಯ ಕಡಿಮೆಯಾಗದಿರಲಿ. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಲಿ. ಹೊರೆ ಹೇರಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ಣವಾಗಿ ತಿರುಗಿಸಿ, ಟೈರು ಎಲ್ಲಿಯೂ ಉಜ್ಜುವುದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಉಜ್ಜಿ ಸವೆದ ಟೈರು ಕಸಾರಾ ಘಾಟಿಯ ಇಳಿಜಾರಿನಲ್ಲಿ ಸಿಡಿದರೆ ಪ್ರಾಣಕ್ಕೇ ಅಪಾಯ.