ಮುಂದಿನ ಬ್ಲೇಡ್ ಇನ್ನೂ ನಾಲ್ಕು ಬೆರಳು ಮೇಲೇಳಲಿ

ಮಿನಿ ಟ್ರ್ಯಾಕ್ಟರ್ ಇರುವ ತೋಟಗಾರರಿಗೆ ಹಂತ ಹಂತದ ಮಾಹಿತಿ

ತೋಟಕ್ಕೆ ಮಣ್ಣು ಹರವಲು, ಗೊಬ್ಬರದ ರಾಶಿ ತಳ್ಳಲು, ಮಳೆಗಾಲ ಮುಗಿದ ಮೇಲೆ ಕೊರಕಲು ಬಿದ್ದ ದಾರಿ ಸಮ ಮಾಡಲು ಮಿನಿ ಟ್ರ್ಯಾಕ್ಟರ್‌ನ ಮುಂದೆ ಬ್ಲೇಡ್ ಕಟ್ಟಿಸಿಕೊಳ್ಳುವ ರೈತರಿದ್ದಾರೆ. 2.7 ಮೀಟರ್ ಅಂತರದ ಅಡಿಕೆ ಸಾಲುಗಳ ನಡುವೆ, ದ್ರಾಕ್ಷಿ ಚಪ್ಪರದ ಕೆಳಗೆ ದೊಡ್ಡ ಯಂತ್ರ ನುಗ್ಗುವುದಿಲ್ಲ. ಅಲ್ಲಿ ಈ ಪುಟ್ಟ ಬ್ಲೇಡೇ ಆಸರೆ. ಇದನ್ನು ಬಳಸುವವರ ಸಾಮಾನ್ಯ ದೂರು ಒಂದೇ: ಬ್ಲೇಡ್ ಸಾಕಷ್ಟು ಮೇಲೇಳುವುದಿಲ್ಲ. ಬದು ದಾಟುವಾಗ ಅಂಚು ಮಣ್ಣಿಗೆ ಕಚ್ಚುತ್ತದೆ. ಬಸಿಗಾಲುವೆಗೆ ಇಳಿದರೆ ಎದುರು ದಡಕ್ಕೆ ಗುದ್ದುತ್ತದೆ. ಡ್ರಿಪ್‌ನ 16 ಮಿ.ಮೀ. ಪೈಪು ಅಂಚಿಗೆ ಸಿಕ್ಕಿ ಸಾಲುದ್ದಕ್ಕೂ ಕಿತ್ತು ಬರುತ್ತದೆ.

ಆಗ ಮೊದಲು ಹೊಳೆಯುವುದು ಉದ್ದದ ಜಾಕ್ ತಂದು ಹಾಕುವ ಯೋಚನೆ. ಅದು ಕೊನೆಯ ಉಪಾಯವಾಗಿರಲಿ. ಬ್ಲೇಡ್ ಎಷ್ಟು ಏಳಬೇಕೆಂಬುದನ್ನು ತೀರ್ಮಾನಿಸುವುದು ಜಾಕಿನ ಗಾತ್ರಕ್ಕಿಂತ ಹೆಚ್ಚಾಗಿ ಪಿನ್ನುಗಳಿರುವ ಜಾಗ. ಆದ್ದರಿಂದ ಮೊದಲು ಟೇಪು ಹಿಡಿಯಿರಿ, ವೆಲ್ಡಿಂಗ್ ಆಮೇಲೆ.

ಇಲ್ಲಿ ಹೇಳಿರುವುದು ಸಾಮಾನ್ಯವಾಗಿ ಕಾಣುವ ಜೋಡಣೆಗೆ ಅನ್ವಯಿಸುತ್ತದೆ. ಟ್ರ್ಯಾಕ್ಟರ್‌ನ ಹೊಟ್ಟೆಯ ಕೆಳಗೆ ಪಿನ್ ಹಾಕಿ ಕೂರಿಸಿದ ಚೌಕಟ್ಟು ಮುಂದಿನ ಆಕ್ಸಲ್ ಅಡಿಯಿಂದ ಹಾದು ಬ್ಲೇಡನ್ನು ಹಿಡಿದಿರುತ್ತದೆ. ಬಂಪರ್ ಬಳಿಯ ಬ್ರಾಕೆಟ್‌ನಿಂದ ನೇತುಬಿದ್ದ ಹೈಡ್ರಾಲಿಕ್ ಜಾಕ್ ಮಡಚಿಕೊಂಡಾಗ ಬ್ಲೇಡ್ ಮೇಲೇಳುತ್ತದೆ, ಬಿಚ್ಚಿಕೊಂಡಾಗ ಇಳಿಯುತ್ತದೆ.

ಹಂತ 1: ಆರು ಅಳತೆ ಬರೆದುಕೊಳ್ಳಿ

ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಬ್ಲೇಡಿನ ಅಡಿಯಲ್ಲಿ ಒಂದು ಸಣ್ಣ ಗುಂಡಿ ತೋಡಿಕೊಂಡರೆ ಅದು ನೆಲಮಟ್ಟದಿಂದ ಎಷ್ಟು ಕೆಳಗಿಳಿಯುತ್ತದೆ ಎಂಬುದೂ ತಿಳಿಯುತ್ತದೆ.

1. ಚೌಕಟ್ಟಿನ ಹಿಂದಿನ ಪಿನ್ನಿನಿಂದ ಬ್ಲೇಡಿನ ಅಂಚಿಗೆ ಇರುವ ದೂರ
2. ಅದೇ ಪಿನ್ನಿನಿಂದ ಜಾಕಿನ ಕೆಳಗಿನ ಪಿನ್ನಿಗೆ ಇರುವ ದೂರ
3. ಅದೇ ಪಿನ್ನಿನಿಂದ ಮುಂದಿನ ಆಕ್ಸಲ್‌ಗೆ ಇರುವ ದೂರ
4. ಜಾಕಿನ ಪೂರ್ತಿ ಓಟ, ಅಂದರೆ ಪೂರ್ತಿ ಬಿಚ್ಚಿದಾಗಿನ ಮತ್ತು ಮಡಚಿದಾಗಿನ ಉದ್ದಗಳ ವ್ಯತ್ಯಾಸ
5. ಅಂಚು ನೆಲಮಟ್ಟದಿಂದ ಮೇಲೆ ಎಷ್ಟು ಏಳುತ್ತದೆ, ಕೆಳಗೆ ಎಷ್ಟು ಇಳಿಯುತ್ತದೆ
6. ಅಂಚು ನೆಲ ಮುಟ್ಟಿರುವಾಗ ಚೌಕಟ್ಟಿಗೂ ಆಕ್ಸಲ್‌ಗೂ ನಡುವೆ ಇರುವ ಸಂದು

ಆರನೆಯದನ್ನು ಒಮ್ಮೆ ಅಳೆದರೆ ಸಾಲದು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಒಂದು ಮುಂಗಾಲಿಯನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿ ಎರಡೂ ಬದಿಯ ಸಂದು ನೋಡಿ, ಮತ್ತೊಂದು ಗಾಲಿಯನ್ನೂ ಹಾಗೆಯೇ ಹತ್ತಿಸಿ ನೋಡಿ. ಸಿಕ್ಕ ಅಳತೆಗಳಲ್ಲಿ ತೀರ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಟಯರು ಚೌಕಟ್ಟಿಗೆ ಉಜ್ಜುತ್ತದೆಯೇ ಎಂಬುದನ್ನೂ ಪರೀಕ್ಷಿಸಿ.

ಹಂತ 2: ಗರಿಷ್ಠ ಎತ್ತರದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಿಂದಿನ ಪಿನ್ನಿನಿಂದ ಅಂಚಿಗೆ 150 ಸೆಂ.ಮೀ., ಜಾಕಿನ ಪಿನ್ನಿಗೆ 120, ಆಕ್ಸಲ್‌ಗೆ 85. ಆಕ್ಸಲ್ ಅಡಿಯ ಅತಿ ಕಡಿಮೆ ಸಂದು 15 ಸೆಂ.ಮೀ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ 3 ಸೆಂ.ಮೀ. ಬಿಟ್ಟರೆ ಉಳಿಯುವುದು 12. ಆಕ್ಸಲ್ ಕೆಳಗೆ ಚೌಕಟ್ಟು 12 ಸೆಂ.ಮೀ. ಎದ್ದರೆ ಅಂಚು 12 × 150 ÷ 85, ಅಂದರೆ ಸುಮಾರು 21 ಸೆಂ.ಮೀ. ಏಳುತ್ತದೆ. ಈ ಟ್ರ್ಯಾಕ್ಟರ್‌ಗೆ ಅದೇ ಮಿತಿ. ಎಂಥ ಜಾಕ್ ಹಾಕಿದರೂ ಅದಕ್ಕಿಂತ ಮೇಲೆ ಎತ್ತಲು ಹೋದರೆ ಚೌಕಟ್ಟು ಆಕ್ಸಲ್‌ಗೆ ಒತ್ತಿಕೊಂಡು ಬ್ರಾಕೆಟ್ ಬಾಗುತ್ತದೆ.

ಈಗ ಇರುವ ಎತ್ತರ ನೋಡಿ. ಜಾಕಿನ ಓಟ 15 ಸೆಂ.ಮೀ. ಇದ್ದರೆ ಅಂಚಿನ ಒಟ್ಟು ಓಟ 15 × 150 ÷ 120, ಅಂದರೆ ಸುಮಾರು 19 ಸೆಂ.ಮೀ. ಅದರಲ್ಲಿ 8 ಸೆಂ.ಮೀ. ನೆಲದ ಕೆಳಗೆ ಹೋಗುತ್ತಿದ್ದರೆ ಮೇಲಕ್ಕೆ ಉಳಿಯುವುದು ಬರೀ 11.

ಹಂತ 3: ಕೆಳಗೆ ವ್ಯರ್ಥವಾಗುತ್ತಿರುವ ಓಟವನ್ನು ಮೇಲಕ್ಕೆ ತನ್ನಿ

ಮಣ್ಣು ಹರವುವ, ದಾರಿ ಸಮ ಮಾಡುವ ಕೆಲಸಕ್ಕೆ ಅಂಚು ನೆಲಮಟ್ಟದಿಂದ 3 ಸೆಂ.ಮೀ. ಇಳಿದರೆ ಧಾರಾಳವಾಯಿತು. ಉಳಿದ 5 ಸೆಂ.ಮೀ. ಓಟ ಬಳಕೆಗೆ ಬಾರದೆ ಕೆಳಗೇ ಕಳೆದುಹೋಗುತ್ತಿದೆ. ಜಾಕಿನ ಮೇಲಿನ ಪಿನ್ನನ್ನು 4 ಸೆಂ.ಮೀ. ಮೇಲಕ್ಕೆ ಸರಿಸಿದರೆ ಅಂಚು ಅದರ ಒಂದೂಕಾಲು ಪಟ್ಟು, ಅಂದರೆ 5 ಸೆಂ.ಮೀ. ಹೆಚ್ಚು ಏಳುತ್ತದೆ. 11 ಇದ್ದದ್ದು 16 ಆಯಿತು. ಜಾಕ್ ಅದೇ, ಹೋಸ್ ಅದೇ, ಚೌಕಟ್ಟೂ ಅದೇ. ಬದಲಾದದ್ದು ಬ್ರಾಕೆಟ್‌ನ ಒಂದು ತೂತು ಮಾತ್ರ. ಅನೇಕರ ಅಗತ್ಯ ಇಷ್ಟರಲ್ಲೇ ಮುಗಿಯುತ್ತದೆ.

ಹಂತ 4: ಕೆಳಗಿನ ಪಿನ್ ಹಿಂದಕ್ಕೆ

ಇನ್ನೂ ಬೇಕೆಂದರೆ ಜಾಕಿನ ಕೆಳಗಿನ ಪಿನ್ನನ್ನು ಚೌಕಟ್ಟಿನ ಮೇಲೆ ಹಿಂದಕ್ಕೆ, ಹಿಂಬದಿಯ ಪಿನ್ನಿನ ಕಡೆಗೆ ಸರಿಸಬೇಕು. 120ರಿಂದ 100 ಸೆಂ.ಮೀ.ಗೆ ತಂದರೆ ಒಟ್ಟು ಓಟ 22.5 ಆಗುತ್ತದೆ. ನೆಲದ ಕೆಳಗಿನ 3 ಕಳೆದರೆ ಮೇಲಕ್ಕೆ ಹತ್ತಿರಹತ್ತಿರ 20 ಸೆಂ.ಮೀ. 21ರ ಮಿತಿಯೊಳಗೇ ಇದೆ.

ಎತ್ತರ ಹೆಚ್ಚಿದಷ್ಟೂ ಭಾರವೂ ಹೆಚ್ಚುತ್ತದೆ. ಅಂಚಿನಲ್ಲಿ 100 ಕೆ.ಜಿ. ತೂಗುವ ಬ್ಲೇಡನ್ನು ಎತ್ತಲು ಮೊದಲು ಜಾಕ್ 125 ಕೆ.ಜಿ. ಬಲ ಹಾಕುತ್ತಿತ್ತು, ಈಗ 150 ಹಾಕಬೇಕು. 50 ಮಿ.ಮೀ. ವ್ಯಾಸದ ಜಾಕಿಗೆ ಇದು ಲೆಕ್ಕವೇ ಅಲ್ಲ. ಆದರೆ ಪಿನ್ನು, ಬುಷ್ಷು, ಬ್ರಾಕೆಟ್‌ಗಳು ಈ ಹೆಚ್ಚಿನ ಭಾರವನ್ನೂ, ಗುಂಡಿಗೆ ಬಿದ್ದಾಗಿನ ಹೊಡೆತವನ್ನೂ ತಡೆದುಕೊಳ್ಳಬೇಕು. ಕೈಲಿವರ್‌ನಿಂದ ಎತ್ತುವ ಬ್ಲೇಡಾದರೆ ಈ ವ್ಯತ್ಯಾಸ ರಟ್ಟೆಗೇ ತಿಳಿಯುತ್ತದೆ.

ಕೆಳಗಿನ ಪಿನ್ ಸರಿಸಿದಾಗ ಮೇಲಿನದನ್ನೂ ಸರಿಸಿ ಜಾಕನ್ನು ಆದಷ್ಟು ನೆಟ್ಟಗೆ ನಿಲ್ಲಿಸಬೇಕು. ಮೇಲಿನ ಪಿನ್ನಿನ ಜಾಗ ಗುರುತಿಸುವ ಸುಲಭ ವಿಧಾನ ಹೀಗಿದೆ: ಅಂಚನ್ನು ಗುಂಡಿಯಲ್ಲಿ ನೆಲಮಟ್ಟಕ್ಕಿಂತ 3 ಸೆಂ.ಮೀ. ಕೆಳಗೆ ಇಟ್ಟು, ಚೌಕಟ್ಟಿಗೆ ದಿಮ್ಮಿ ಕೊಡಿ. ಜಾಕನ್ನು ಪೂರ್ತಿ ಬಿಚ್ಚಿ ಹೊಸ ಕೆಳತೂತಿಗೆ ಕೂರಿಸಿ. ಆಗ ಅದರ ಮೇಲಿನ ಕಣ್ಣು ಎಲ್ಲಿಗೆ ಬರುತ್ತದೋ ಅಲ್ಲೇ ಗುರುತು ಹಾಕಿ.

ಉದ್ದದ ಜಾಕ್ ತರುವ ಮುನ್ನ

ಓಟ 5 ಸೆಂ.ಮೀ. ಹೆಚ್ಚಿರುವ ಜಾಕ್ ತಂದರೆ ಅದು ಮಡಚಿದಾಗಿನ ಉದ್ದವೂ ಸಾಮಾನ್ಯವಾಗಿ 5 ಸೆಂ.ಮೀ. ಹೆಚ್ಚಿರುತ್ತದೆ. ಹಳೆಯ ಬ್ರಾಕೆಟ್‌ಗೇ ಅದನ್ನು ನೇತುಹಾಕಿದರೆ ಬ್ಲೇಡ್ ಮೊದಲಿಗಿಂತ ಕಡಿಮೆ ಏಳುತ್ತದೆ! ಹೆಚ್ಚಿದ ಓಟವೆಲ್ಲ ಎತ್ತರವಾಗಿ ಸಿಗಬೇಕಾದರೆ ಮೇಲಿನ ಪಿನ್ 10 ಸೆಂ.ಮೀ. ಮೇಲೆ ಹೋಗಬೇಕು. ಅಲ್ಲಿ ಬಾನೆಟ್, ಜಾಲರಿ, ದೀಪ ಅಡ್ಡ ಬರುತ್ತವೆ. ನಮ್ಮ ಉದಾಹರಣೆಯಲ್ಲಂತೂ ಆಕ್ಸಲ್‌ನ ಮಿತಿಯೇ 21 ಆಗಿರುವಾಗ ಆ ಖರ್ಚಿಗೆ ಅರ್ಥವಿಲ್ಲ.

ಹಂತ 5: ಲೇತ್ ಅಂಗಡಿಯ ಕೆಲಸ

ಬ್ರಾಕೆಟ್‌ನ ಕಿವಿಗಳಿಗೆ 12 ಮಿ.ಮೀ. ದಪ್ಪದ ಎಂಎಸ್ ಪ್ಲೇಟ್, ಪಿನ್ನಿಗೆ ಇಎನ್-8 ಉಕ್ಕಿನ 25 ಮಿ.ಮೀ. ರಾಡ್ ಒಳ್ಳೆಯದು. ಎರಡೂ ಕಿವಿಗಳನ್ನು ಒಂದರ ಮೇಲೊಂದಿಟ್ಟು ಕ್ಲಾಂಪ್ ಮಾಡಿ ಒಟ್ಟಿಗೇ ಡ್ರಿಲ್ ಹೊಡೆಸಿ. ಬೇರೆಬೇರೆಯಾಗಿ ಕೊರೆದ ತೂತುಗಳು ಒಂದೇ ಸಾಲಿಗೆ ಬಾರದೆ ಪಿನ್ ಓರೆಯಾಗುತ್ತದೆ, ಜಾಕಿನ ರಾಡ್ ಬೇಗ ಸವೆದು ಆಯಿಲ್ ಸೀಲ್ ಸೋರುತ್ತದೆ. ಗ್ಯಾಸ್ ಕಟಿಂಗ್‌ನಲ್ಲಿ ಮಾಡಿದ ತೂತು ದುಂಡಗಿರುವುದಿಲ್ಲ, ಅದು ಬೇಡ. 5 ಸೆಂ.ಮೀ. ಅಂತರದಲ್ಲಿ ಎರಡು ಮೂರು ತೂತು ಮಾಡಿಸಿಕೊಂಡರೆ ಕೆಲಸಕ್ಕೆ ತಕ್ಕಂತೆ ಪಿನ್ ಬದಲಿಸಬಹುದು.

ವೆಲ್ಡಿಂಗ್ ವಿಷಯದಲ್ಲಿ ಈ ನಾಲ್ಕು ಮಾತು ನೆನಪಿರಲಿ:

• ಆದಷ್ಟು ಮಟ್ಟಿಗೆ ಚೌಕಟ್ಟನ್ನು ಟ್ರ್ಯಾಕ್ಟರ್‌ನಿಂದ ಬಿಚ್ಚಿ ವೆಲ್ಡ್ ಮಾಡಿಸಿ. ಬಿಚ್ಚಲಾಗದಿದ್ದರೆ ಬ್ಯಾಟರಿ ವೈರ್ ತೆಗೆದು, ವೆಲ್ಡಿಂಗ್‌ನ ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಇಲ್ಲವಾದರೆ ಕರೆಂಟು ಬೇರಿಂಗ್‌ಗಳ ಮೂಲಕ ಹಾದು ಅವು ಹಾಳಾಗುತ್ತವೆ.
• ಜಾಕಿನ ಮೈಗೆ, ಆಕ್ಸಲ್‌ಗೆ, ಇಂಜಿನ್ನಿನ ಬೀಡುಕಬ್ಬಿಣದ ಭಾಗಗಳಿಗೆ ವೆಲ್ಡಿಂಗ್ ಸಲ್ಲದು. ಟ್ರ್ಯಾಕ್ಟರ್‌ನ ಮೈಗೆ ತಾಗುವ ಬ್ರಾಕೆಟ್‌ಗಳು ಕಂಪನಿ ಕೊಟ್ಟ ತೂತುಗಳಲ್ಲೇ ಬೋಲ್ಟ್‌ನಿಂದ ಕೂರಲಿ.
• ಗೇಟು, ಗ್ರಿಲ್‌ಗೆ ಬಳಸುವ 6013 ರಾಡ್‌ಗಿಂತ ತೇವ ತಾಗದಂತೆ ಒಣಗಿಸಿಟ್ಟ 7018 ರಾಡ್ ಇಲ್ಲಿಗೆ ತಕ್ಕದ್ದು.
• ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಆದರೆ ಮುಂದಿನ ಆಕ್ಸಲ್‌ನ ಆಯಿಲ್ ತೆಗೆಯುವ ಬೋಲ್ಟ್ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ವಾರಂಟಿ ಇನ್ನೂ ಮುಗಿಯದಿದ್ದರೆ ಕೆಲಸಕ್ಕೆ ಮೊದಲು ಡೀಲರ್ ಬಳಿ ವಿಚಾರಿಸುವುದು ಕ್ಷೇಮ.

ಹಂತ 6: ಹೋಸ್, ಆಯಿಲ್, ಪ್ರೆಶರ್

ಜಾಕಿನ ಜಾಗ ಬದಲಾದ ಮೇಲೆ ಹೋಸ್ ಪೈಪಿನ ಹಾದಿಯೂ ಬದಲಾಗುತ್ತದೆ. ಬ್ಲೇಡ್ ಪೂರ್ತಿ ಮೇಲೆ ಮತ್ತು ಪೂರ್ತಿ ಕೆಳಗೆ ಇರುವಾಗ ಎರಡೂ ಸ್ಥಿತಿಯಲ್ಲಿ ಹೋಸ್ ಎಳೆದಂತಿರಬಾರದು, ಟಯರು ಮತ್ತು ಸೈಲೆನ್ಸರ್‌ಗೆ ತಾಗಬಾರದು. ಹೋಸ್ ಬಿಚ್ಚುವ ಮೊದಲು ಬ್ಲೇಡ್ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಒಳಗಿನ ಪ್ರೆಶರ್ ಇಳಿಸಿ. ಸೋರಿಕೆ ಹುಡುಕಲು ಕೈ ಸವರಬೇಡಿ. ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೇ ಇಳಿಯುತ್ತದೆ. ಹಾಗಾದರೆ ನೋವು ಕಡಿಮೆಯೆನಿಸಿದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಸಾಕು.

ಬ್ಲೇಡ್ ಏಳಲು ತಿಣುಕಿದರೆ ರಿಲೀಫ್ ವಾಲ್ವ್ ಬಿಗಿ ಮಾಡಿಸುವವರಿದ್ದಾರೆ. ಅದು ಪಂಪಿಗೂ ಹೋಸಿಗೂ ಅಪಾಯ. ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಹುಡುಕುವುದೇ ಸರಿಯಾದ ದಾರಿ.

ಹಂತ 7: ಗದ್ದೆಗಿಳಿಸುವ ಮುನ್ನ ಪರೀಕ್ಷೆ

ಬ್ಲೇಡನ್ನು ನಿಧಾನವಾಗಿ ಪೂರ್ತಿ ಎತ್ತಿ. ಜಾಕಿನ ಓಟ ಮುಗಿದಾಗಲೂ ಆಕ್ಸಲ್ ಬಳಿ 3 ಸೆಂ.ಮೀ. ಸಂದು ಉಳಿದಿರಬೇಕು. ಒಂದು ಗಾಲಿಯನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟಿಯರಿಂಗ್ ತಿರುಗಿಸಿ ಮತ್ತೊಮ್ಮೆ ನೋಡಿ. ಎತ್ತಿದ ಬ್ಲೇಡ್ ದೀಪಗಳನ್ನು ಮರೆ ಮಾಡುತ್ತದೆಯೇ, ರೇಡಿಯೇಟರ್ ಜಾಲರಿಗೆ ಗಾಳಿ ತಡೆಯುತ್ತದೆಯೇ ಗಮನಿಸಿ. ಗಾಳಿ ತಡೆದರೆ ಇಂಜಿನ್ ಬಿಸಿಯಾಗುತ್ತದೆ. ಮುಂದೆ ಭಾರ ಹೆಚ್ಚಾದ್ದರಿಂದ ಹಿಂದಿನ ಚಕ್ರಗಳ ಹಿಡಿತ ತಗ್ಗುತ್ತದೆ. ರೋಟವೇಟರ್ ಅಥವಾ ತೂಕದ ಕಲ್ಲು ಹಿಂದೆ ಇದ್ದರೆ ಸಮತೋಲ ಚೆನ್ನಾಗಿರುತ್ತದೆ. ಮುಂದಿನ ಟಯರುಗಳ ಗಾಳಿ ಸರಿಯಿದೆಯೇ ನೋಡಿ.

ಎಷ್ಟು ಎತ್ತರ ಸಾಕು?

ಬದು ದಾಟಲು ಬದುವಿನ ಎತ್ತರಕ್ಕಿಂತ ಒಂದೆರಡು ಬೆರಳು ಹೆಚ್ಚಿದ್ದರೆ ಸಾಕು. ಕಾಲುವೆಯ ಲೆಕ್ಕ ಬೇರೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 150 ಸೆಂ.ಮೀ. ಇದ್ದು, ಬ್ಲೇಡ್ ಮುಂಗಾಲಿಯಿಂದ 60 ಸೆಂ.ಮೀ. ಮುಂದೆ ಇದ್ದರೆ, ಮುಂಗಾಲಿ 10 ಸೆಂ.ಮೀ. ಇಳಿದಾಗ ಅಂಚು 14 ಸೆಂ.ಮೀ. ಇಳಿಯುತ್ತದೆ. ಆದ್ದರಿಂದ ಆಳದ ಬಸಿಗಾಲುವೆಗೆ ಬ್ಲೇಡ್ ಎತ್ತರಿಸುವುದು ಪರಿಹಾರವಲ್ಲ. ಅಲ್ಲಿ ಹಲಗೆ ಹಾಸಿ ದಾಟುವುದೋ, ಮೋರಿ ಪೈಪು ಹೂಳುವುದೋ ಒಳ್ಳೆಯದು.

ಹೆಚ್ಚಿನ ಎತ್ತರ ಅಡೆತಡೆ ದಾಟುವ ಹೊತ್ತಿಗೆ ಮಾತ್ರ. ದಾರಿಯಲ್ಲಿ ಹೋಗುವಾಗ ಬ್ಲೇಡ್ ನೆಲಕ್ಕೆ ತಾಗದಷ್ಟು ಮೇಲಿದ್ದರೆ ಸಾಕು. ಎತ್ತಿದ ಬ್ಲೇಡಿನ ಕೆಳಗೆ ದಿಮ್ಮಿ ಕೊಡದೆ ಯಾರೂ ಕೈ ಹಾಕಬಾರದು, ತಲೆ ಹಾಕಬಾರದು. ಹೋಸ್ ಒಡೆದರೆ ಅದು ಕ್ಷಣದಲ್ಲಿ ಬೀಳುತ್ತದೆ. ಕೆಲಸ ಮುಗಿಸಿ ಟ್ರ್ಯಾಕ್ಟರ್ ನಿಲ್ಲಿಸುವಾಗ, ಮನೆಯಲ್ಲಿ ಮಕ್ಕಳಿದ್ದರಂತೂ ತಪ್ಪದೆ, ಬ್ಲೇಡನ್ನು ನೆಲಕ್ಕೆ ಇಳಿಸಿಯೇ ಕೆಳಗಿಳಿಯಿರಿ.