ಗ್ರಾಂ ಲೆಕ್ಕ ಬಿಡಿ, ತೊಂದರೆಯ ಲೆಕ್ಕ ಹಿಡಿ: ಪ್ರಾಸ್ಟೇಟ್ ಚಿಕಿತ್ಸೆಗೆ ಹತ್ತು ಸೂತ್ರಗಳು

ಮದುವೆ ಮಂಟಪಕ್ಕೆ ಕಾಲಿಟ್ಟ ಕೂಡಲೇ ಶೌಚಾಲಯ ಯಾವ ಕಡೆಗಿದೆ ಎಂದು ಕಣ್ಣಲ್ಲೇ ಹುಡುಕುವವರು, ರಾತ್ರಿ ಬಸ್ಸು ಬೇಡ ರೈಲೇ ಇರಲಿ ಎನ್ನುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಕಾರಣ ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 50ರಿಂದ 60ರ ನಡುವಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, 80 ದಾಟಿದವರಲ್ಲಿ ಬಹುಪಾಲು ಮಂದಿಗೆ ಪ್ರಾಸ್ಟೇಟ್ ಗ್ರಂಥಿ ಬೆಳೆದಿರುತ್ತದೆ. ಚಿಕಿತ್ಸೆಗಳಿಗೆ ಬರವಿಲ್ಲ. ತನಗೆ ಯಾವುದು ಒಗ್ಗುತ್ತದೆ ಎಂದು ತಿಳಿದು ವೈದ್ಯರ ಮುಂದೆ ಕೂರುವವರು ಮಾತ್ರ ಕಡಿಮೆ.

1. ವರದಿಯ ಗ್ರಾಂ ನೋಡಿ ಗಾಬರಿಯಾಗಬೇಡಿ

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ಯುವಕರಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನಿಂಗಿನಲ್ಲಿ 45 ಗ್ರಾಂ ಎಂದು ಬಂದ ಮಾತ್ರಕ್ಕೆ ಕಾಯಿಲೆ ಬಂತೆಂದಲ್ಲ. 80 ಗ್ರಾಂ ಇದ್ದೂ ಆರಾಮಾಗಿರುವವರಿದ್ದಾರೆ, 30 ಗ್ರಾಮಿಗೇ ಒದ್ದಾಡುವವರಿದ್ದಾರೆ. ಎಷ್ಟು ಬೆಳೆಯಿತು ಎಂಬುದಕ್ಕಿಂತ ಯಾವ ಕಡೆಗೆ ಬೆಳೆಯಿತು ಎಂಬುದು ಮುಖ್ಯ. ನಡುಭಾಗ ಮೂತ್ರಕೋಶದೊಳಕ್ಕೆ ಚಾಚಿದರೆ ಸಣ್ಣ ಗ್ರಂಥಿಯೂ ದಾರಿ ಕಟ್ಟುತ್ತದೆ. ಇನ್ನೊಂದು ಮಾತು: ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ.

2. ನಿಮ್ಮ ತೊಂದರೆಗೆ ನೀವೇ ಅಂಕ ಕೊಡಿ

ಪೂರ್ತಿ ಖಾಲಿಯಾಗಲಿಲ್ಲ ಎನಿಸುವುದು, ಪದೇ ಪದೇ ಹೋಗುವುದು, ತಡೆದು ತಡೆದು ಬರುವುದು, ಅವಸರ, ಧಾರೆಯ ಬಲ ಕುಂದುವುದು, ಮುಕ್ಕುವುದು, ರಾತ್ರಿ ಏಳುವುದು. ಈ ಏಳಕ್ಕೆ ತಲಾ 5ರಂತೆ ಒಟ್ಟು 35 ಅಂಕಗಳ ಪ್ರಶ್ನಾವಳಿಯೊಂದನ್ನು ಜಗತ್ತಿನಾದ್ಯಂತ ಮೂತ್ರರೋಗ ತಜ್ಞರು ಬಳಸುತ್ತಾರೆ. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಕೊನೆಯಲ್ಲಿ ಎಂಟನೆಯ ಪ್ರಶ್ನೆಯೊಂದಿದೆ: ಹೀಗೆಯೇ ಉಳಿದ ಆಯುಷ್ಯ ಕಳೆಯಬೇಕಾದರೆ ನಿಮಗೆ ಹೇಗನ್ನಿಸುತ್ತದೆ? ನನ್ನ ಪ್ರಕಾರ ಏಳಕ್ಕಿಂತ ಈ ಒಂದೇ ತೂಕದ ಪ್ರಶ್ನೆ. ಅಂಕ ಕಡಿಮೆಯಿದ್ದು ಬದುಕಿಗೇನೂ ಅಡ್ಡಿಯಿಲ್ಲವಾದರೆ, ವರ್ಷಕ್ಕೊಮ್ಮೆ ತೋರಿಸಿಕೊಂಡು ಸುಮ್ಮನಿರುವುದೂ ಒಂದು ಚಿಕಿತ್ಸೆಯೇ.

3. ಮೂರು ದಿನ ಬರೆದಿಡಿ

ಅಳತೆಯ ಪಾತ್ರೆಯೊಂದನ್ನಿಟ್ಟುಕೊಂಡು ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಏನು ಕುಡಿದಿರಿ ಎಂದು ಬರೆಯಿರಿ. ದಿನದ ಒಟ್ಟು ಮೂತ್ರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯ ನಿದ್ದೆಯ ಹೊತ್ತಿನಲ್ಲೇ ಬರುತ್ತಿದ್ದರೆ ತಪ್ಪು ಬರೀ ಪ್ರಾಸ್ಟೇಟಿನದಲ್ಲ. ಸಕ್ಕರೆ ಕಾಯಿಲೆ, ಕಾಲಿನ ಬಾವು, ಹೃದಯದ ದೌರ್ಬಲ್ಯ, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ಇವುಗಳಲ್ಲಿ ಯಾವುದೋ ಒಂದು ಅಡಗಿರಬಹುದು. ಇದನ್ನು ನೋಡದೆ ಆಪರೇಷನ್ ಮಾಡಿಸಿಕೊಂಡವರು ಆಮೇಲೂ ರಾತ್ರಿ ಮೂರು ಸಲ ಏಳುತ್ತಲೇ ಇರುತ್ತಾರೆ. ಮೂತ್ರದ ವೇಗ ಅಳೆಯುವ ಯಂತ್ರದ ಪರೀಕ್ಷೆಗೆ ಹೋಗುವಾಗ ಮೂತ್ರಕೋಶ ಚೆನ್ನಾಗಿ ತುಂಬಿರಲಿ. 150 ಮಿಲಿಲೀಟರಿಗಿಂತ ಕಡಿಮೆ ಹೋದರೆ ಆ ಅಂಕಿಗೆ ಬೆಲೆಯಿಲ್ಲ. ಸೆಕೆಂಡಿಗೆ 10 ಮಿಲಿಲೀಟರಿಗಿಂತ ಕೆಳಗಿಳಿದರೆ ದಾರಿ ಕಟ್ಟಿರುವ ಸಾಧ್ಯತೆ ಹೆಚ್ಚು.

4. ಮನೆಯಲ್ಲೇ ಸರಿಹೋಗುವುದನ್ನು ಮೊದಲು ಸರಿಮಾಡಿಕೊಳ್ಳಿ

ಮಲಗುವ ಎರಡು ಗಂಟೆ ಮುಂಚಿನಿಂದ ನೀರು ಕಡಿಮೆ ಮಾಡಿ, ದಿನವಿಡೀ ಅಲ್ಲ. ಸಂಜೆಯ ಕಾಫಿ, ರಾತ್ರಿಯ ಗುಂಡು ಎರಡೂ ಕಾಡುತ್ತವೆ. ಮಲಬದ್ಧತೆ ಬಿಡಿಸಿಕೊಳ್ಳಿ. ಕುಳಿತು ಮೂತ್ರ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ. ಬಿಪಿಗೆ ಕೊಟ್ಟ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶವಿದ್ದರೆ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ.

ನೆಗಡಿ ಮಾತ್ರೆಯ ಬಗ್ಗೆ ಮಾತ್ರ ಎಚ್ಚರ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮೈನ್ ಇರುತ್ತವೆ. ಮೊದಲನೆಯದು ಮೂತ್ರಕೋಶದ ಬಾಯನ್ನು ಬಿಗಿಯುತ್ತದೆ, ಎರಡನೆಯದು ಮೂತ್ರಕೋಶದ ಹಿಂಡುವ ಬಲವನ್ನೇ ಕುಗ್ಗಿಸುತ್ತದೆ. ಸಂಜೆ ಮಾತ್ರೆ ನುಂಗಿದವರು ಬೆಳಗಿನ ಜಾವ ಮೂತ್ರ ಕಟ್ಟಿ ಆಸ್ಪತ್ರೆಗೆ ಓಡುವುದು ಹೀಗೆಯೇ.

5. ಎರಡು ಬಗೆಯ ಮಾತ್ರೆಗಳ ವ್ಯತ್ಯಾಸ ತಿಳಿದಿರಲಿ

ಟ್ಯಾಮ್ಸುಲೋಸಿನ್, ಅಲ್ಫುಜೋಸಿನ್, ಸೈಲೋಡೋಸಿನ್ ಒಂದು ಗುಂಪು. ಇವು ಗ್ರಂಥಿಯನ್ನು ಕರಗಿಸುವುದಿಲ್ಲ, ಅಲ್ಲಿನ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು, ರಾತ್ರಿ ಹಾಸಿಗೆಯಿಂದ ಒಮ್ಮೆಲೇ ಏಳಬೇಡಿ. ಕೆಲವರಿಗೆ ವೀರ್ಯ ಹೊರಬರುವುದು ನಿಲ್ಲುತ್ತದೆ, ಸೈಲೋಡೋಸಿನ್‌ನಲ್ಲಿ ಇದು ಹೆಚ್ಚು. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಪಾಪೆ ಸಡಿಲಗೊಂಡು ಆಪರೇಷನ್ ಕಷ್ಟವಾಗುತ್ತದೆ ಎಂಬುದು 2005ರಿಂದ ವೈದ್ಯಲೋಕಕ್ಕೆ ಗೊತ್ತಿದೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ನಂಟು ಎಂದುಕೊಂಡು ರೋಗಿ ಹೇಳದೇ ಉಳಿಯುತ್ತಾನೆ.

ಎರಡನೆಯ ಗುಂಪು ಫಿನಾಸ್ಟೆರೈಡ್ ಮತ್ತು ಡ್ಯುಟಾಸ್ಟೆರೈಡ್. ಇವುಗಳ ಹುಟ್ಟಿನ ಕತೆ ಸ್ವಾರಸ್ಯವಾಗಿದೆ. ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಯೊಂದರಲ್ಲಿ ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಂಡು, ಹರೆಯದಲ್ಲಿ ಗಂಡಾಗುವ ಮಕ್ಕಳಿದ್ದರು. 1974ರಲ್ಲಿ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು ಅವರ ಬಗ್ಗೆ ವರದಿ ಮಾಡಿದರು. ಅವರಲ್ಲಿ ಒಂದು ಕಿಣ್ವದ ಕೊರತೆಯಿತ್ತು, ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿಯುತ್ತಿತ್ತು. ಅದೇ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ 1992ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು.

ಈ ಮಾತ್ರೆ ಗ್ರಂಥಿಯನ್ನು ನಿಜಕ್ಕೂ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿಸುತ್ತದೆ, ಆದರೆ ಆರು ತಿಂಗಳು ತಾಳ್ಮೆ ಬೇಕು. ಗ್ರಂಥಿ ದೊಡ್ಡದಿರುವವರಿಗಷ್ಟೇ ಇದರ ಲಾಭ. ಒಂದು ತಿಂಗಳು ನುಂಗಿ ‘ಕೆಲಸ ಮಾಡಲಿಲ್ಲ’ ಎಂದು ಬಿಡುವವರು ದುಡ್ಡು ದಂಡ ಮಾಡಿಕೊಳ್ಳುತ್ತಾರೆ. ಕಾಮಾಸಕ್ತಿ, ನಿಮಿರುವಿಕೆ ಕೆಲವರಲ್ಲಿ ಕುಂದುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆಂದು ನೋಡುವ ರಕ್ತದ ಪಿಎಸ್‌ಎ ಮಟ್ಟವೂ ಅರ್ಧಕ್ಕಿಳಿಯುವುದರಿಂದ, ಪರೀಕ್ಷೆಯಲ್ಲಿ 3 ಬಂದರೆ ಅದನ್ನು 6 ಎಂದೇ ಓದಬೇಕು. ಗರ್ಭಿಣಿಯರು ಈ ಮಾತ್ರೆಯ ಪುಡಿಯನ್ನು ಮುಟ್ಟಬಾರದು.

ದಿನಕ್ಕೆ 5 ಮಿಲಿಗ್ರಾಂ ಟಡಲಾಫಿಲ್ ನಿಮಿರುವಿಕೆಯ ತೊಂದರೆಯೂ ಇರುವವರಿಗೆ ಅನುಕೂಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದರ ಹತ್ತಿರವೂ ಸುಳಿಯಬಾರದು.

6. ಮೂಲಿಕೆಯ ಡಬ್ಬಿಗೆ ದುಡ್ಡು ಸುರಿಯಬೇಡಿ

ಸಾ ಪಾಲ್ಮೆಟೊ ಎಂಬ ಅಮೆರಿಕದ ತಾಳೆಹಣ್ಣಿನ ಸಾರ ಆನ್‌ಲೈನಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. 2006ರಲ್ಲಿ ಮತ್ತು 2011ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಹುಸಿ ಮಾತ್ರೆಗಿಂತ ಮೇಲೇನೂ ಅಲ್ಲ ಎಂದು ಗೊತ್ತಾಯಿತು.

7. ಈ ಸ್ಥಿತಿಗಳಲ್ಲಿ ಆಪರೇಷನ್ ಮುಂದೂಡಬೇಡಿ

ಮಾತ್ರೆ ನುಂಗಿದರೂ ಮತ್ತೆ ಮತ್ತೆ ಮೂತ್ರ ಕಟ್ಟುವುದು, ಮೂತ್ರಕೋಶದಲ್ಲಿ ಕಲ್ಲು, ಪದೇ ಪದೇ ಸೋಂಕು, ನಿಲ್ಲದ ರಕ್ತ, ಕಿಡ್ನಿಗೆ ಪೆಟ್ಟು. ಮೂತ್ರದಲ್ಲಿ ರಕ್ತ ಕಂಡರಂತೂ ಪ್ರಾಸ್ಟೇಟ್ ಇರಬಹುದು ಎಂದು ನೀವೇ ತೀರ್ಮಾನಿಸಬೇಡಿ, ತಪಾಸಣೆ ಆಗಲೇಬೇಕು. ಮೊದಲ ಬಾರಿ ಕಟ್ಟಿ ಪೈಪ್ ಹಾಕಿಸಿಕೊಂಡವರಿಗೆ ಮಾತ್ರೆ ಕೊಟ್ಟು ಕೆಲವು ದಿನ ಬಿಟ್ಟು ಪೈಪ್ ತೆಗೆದು ನೋಡುವುದುಂಟು. ಎಷ್ಟೋ ಜನ ಅಷ್ಟರಲ್ಲೇ ಪಾರಾಗುತ್ತಾರೆ.

8. ಯಾವ ಆಪರೇಷನ್ ಎಂದು ಕೇಳುವ ಮೊದಲು, ಏನನ್ನು ಕಳೆದುಕೊಳ್ಳಲು ಒಪ್ಪುವುದಿಲ್ಲ ಎಂದು ಹೇಳಿ

ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಗ್ರಂಥಿಯನ್ನು ಚೂರು ಚೂರಾಗಿ ಕೆತ್ತಿ ತೆಗೆಯುವ ಟಿಯುಆರ್‌ಪಿ ದಶಕಗಳಿಂದ ನಂಬಿಕೆ ಉಳಿಸಿಕೊಂಡಿದೆ. ಮೂತ್ರ ಸರಾಗವಾಗುತ್ತದೆ. ಆದರೆ ಮೂವರಲ್ಲಿ ಸುಮಾರು ಇಬ್ಬರಿಗೆ ವೀರ್ಯ ಹೊರಗೆ ಬರದೆ ಮೂತ್ರಕೋಶದೊಳಕ್ಕೆ ಹೋಗುತ್ತದೆ. ಸುಖಕ್ಕೆ ಸಾಮಾನ್ಯವಾಗಿ ಕೊರತೆಯಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿ. ಎರಡನೇ ಮದುವೆಯಾದ 55ರ ವ್ಯಕ್ತಿಗೂ ಮೊಮ್ಮಕ್ಕಳನ್ನು ಕಂಡ 75ರ ಅಜ್ಜನಿಗೂ ಇದರ ಬೆಲೆ ಒಂದೇ ಅಲ್ಲ. ಆಪರೇಷನ್ ಆದ ಮೇಲೆ ಇದನ್ನು ಕೇಳಿ ತಿಳಿಯುವಂತಾಗಬಾರದು.

ವೀರ್ಯಸ್ಖಲನ ಉಳಿಯಲೇಬೇಕು ಎನ್ನುವವರಿಗೆ ಯುರೋಲಿಫ್ಟ್ ಇದೆ, ಗ್ರಂಥಿಯ ಹಾಲೆಗಳನ್ನು ಎರಡೂ ಕಡೆಗೆ ಎಳೆದು ಕಟ್ಟುವ ವಿಧಾನ. ಬಿಸಿ ನೀರಾವಿ ಹಾಯಿಸಿ ಹೆಚ್ಚಿನ ಅಂಗಾಂಶವನ್ನು ಸಾಯಿಸುವ ರೆಝೂಮ್ ಇದೆ. ಎರಡೂ ತೀರಾ ದೊಡ್ಡ ಗ್ರಂಥಿಗೆ ಹೊಂದುವುದಿಲ್ಲ, ಮೂತ್ರದ ವೇಗವೂ ಟಿಯುಆರ್‌ಪಿಯಷ್ಟು ಏರುವುದಿಲ್ಲ. ರೆಝೂಮ್ ಆದ ಮೇಲೆ ಕೆಲವು ದಿನ ಪೈಪ್ ಹೊತ್ತು ತಿರುಗಬೇಕು.

100 ಗ್ರಾಂ ದಾಟಿದರೆ? ಹಿಂದೆ ಹೊಟ್ಟೆ ಕೊಯ್ಯುತ್ತಿದ್ದರು. ಈಗ ಹೋಲ್ಮಿಯಂ ಲೇಸರಿನ ಹೋಲೆಪ್ ಇದೆ: ಕೊಡಗಿನ ಕಿತ್ತಳೆಯ ಸಿಪ್ಪೆ ಉಳಿಸಿ ಒಳಗಿನ ತೊಳೆಗಳನ್ನಷ್ಟೇ ಬಿಡಿಸಿದಂತೆ ಬೆಳೆದ ಭಾಗವನ್ನು ಬಿಡಿಸಿ ತೆಗೆಯುತ್ತಾರೆ. ರಕ್ತಸ್ರಾವ ಕಡಿಮೆ, ಮತ್ತೆ ಬೆಳೆಯುವ ಚಿಂತೆಯೂ ಕಡಿಮೆ. ವೀರ್ಯದ ವಿಷಯದಲ್ಲಿ ಮಾತ್ರ ಟಿಯುಆರ್‌ಪಿಯ ಹಾದಿಯೇ. ‘ಲೇಸರ್’ ಎಂಬ ಒಂದು ಪದಕ್ಕೆ ಮರುಳಾಗಬೇಡಿ. ಬಿಡಿಸಿ ತೆಗೆಯುವ ಲೇಸರ್ ಬೇರೆ, ಆವಿ ಮಾಡಿ ಸುಡುವ ಗ್ರೀನ್‌ಲೈಟ್ ಲೇಸರ್ ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದ ಹೃದ್ರೋಗಿಗಳಿಗೆ ಎರಡನೆಯದು ಒದಗುತ್ತದೆ.

9. ಯಂತ್ರವನ್ನಲ್ಲ, ಕೈಯನ್ನು ವಿಚಾರಿಸಿ

ಹೋಲೆಪ್ ಕಲಿಯಲು ಕಷ್ಟದ ವಿದ್ಯೆ. ಇಂಥವು ಎಷ್ಟು ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಪಳಗಿದ ಕೈಯ ಟಿಯುಆರ್‌ಪಿ, ಹೊಸ ಕೈಯ ಲೇಸರಿಗಿಂತ ಮೇಲು. ಖರ್ಚಿನ ಚಿಂತೆಯಿರುವವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ.

10. ಆಪರೇಷನ್ ಆದ ಮೇಲೆ

ಕೆಲವು ವಾರ ಉರಿ, ಅವಸರ, ಆಗಾಗ ಕೆಂಪು ಮೂತ್ರ ಸಹಜ. ಮುಕ್ಕಬೇಡಿ, ಭಾರ ಎತ್ತಬೇಡಿ, ವೈದ್ಯರು ಹೇಳುವವರೆಗೆ ಬೈಕ್ ಹತ್ತಬೇಡಿ. ಹೆಪ್ಪು ಬಿದ್ದು ಮೂತ್ರ ನಿಂತರೆ, ಚಳಿಜ್ವರ ಬಂದರೆ ಕೂಡಲೇ ಹೋಗಿ. ಪ್ರಾಸ್ಟೇಟ್ ತೆಗೆದಾಯಿತು, ಇನ್ನು ಕ್ಯಾನ್ಸರ್ ಬರುವ ಮಾತೇ ಇಲ್ಲ ಎಂದುಕೊಳ್ಳುವವರೇ ಹೆಚ್ಚು. ತೆಗೆದದ್ದು ಒಳಭಾಗವನ್ನು ಮಾತ್ರ. ಹೆಚ್ಚಿನ ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಹುಟ್ಟುವ ಹೊರಪದರ ಒಳಗೇ ಉಳಿದಿರುತ್ತದೆ, ಹಾಗಾಗಿ ಪಿಎಸ್‌ಎ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂದು ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ.