ಬೆಟ್ಟ ಚಿಕ್ಕದು, ಆಸ್ಪತ್ರೆ ದೂರ

"ಡಾಕ್ಟರೇ, ಭಾನುವಾರ ನಮ್ಮ ಪರ್ವತಾರೋಹಣ ಕ್ಲಬ್ಬಿನವರು ಜಾಂಬೋಟಿ ಕಡೆ ಗುಡ್ಡ ಹತ್ತಲು ಹೊರಟಿದ್ದೇವೆ. ಮೇಲೆ ಹೋದಾಗ ಉಸಿರು ಕಟ್ಟದಂತೆ ಒಂದು ಮಾತ್ರೆ ಬರೆದುಕೊಡಿ."

ಬೆಳಗಾವಿಯ ನನ್ನ ದವಾಖಾನೆಗೆ ಬಂದ, ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರ ಬೇಡಿಕೆ ಇದು. ಅವರು ಕೇಳಿದ್ದು ಹಿಮಾಲಯಕ್ಕೆ ಹೋಗುವವರ ಮಾತ್ರೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್, ಅಂದರೆ ಸುಮಾರು ಎಂಟು ಸಾವಿರ ಅಡಿ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ಬೆಳಗಾವಿಯೇ ಸುಮಾರು 750 ಮೀಟರ್ ಎತ್ತರದಲ್ಲಿದೆ. ಖಾನಾಪುರದ ಗುಡ್ಡಗಳು ಆ ಕಾಯಿಲೆ ತರುವಷ್ಟು ಎತ್ತರದವಲ್ಲ. ಮಾತ್ರೆ ಬೇಡವೆಂದೆ.

ಆದರೆ ಅವರು ಹೇಳದೆ ಬಿಟ್ಟ ಸಂಗತಿಯೊಂದು ಹಳೆಯ ಚೀಟಿಯಲ್ಲಿತ್ತು. ಅವರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನವೂ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. ಬೆಳಿಗ್ಗೆ ಮಾತ್ರೆ ನುಂಗಿ, ನಾಷ್ಟಾ ಮುಂದೂಡಿ, ನಾಲ್ಕು ತಾಸು ಏರು ಹತ್ತಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ನಿಜವಾದ ಅಪಾಯ ಅಲ್ಲಿತ್ತು.

ನಮ್ಮ ಕಡೆಯ ಬೆಟ್ಟಗಳಲ್ಲಿ ಹೆದರಬೇಕಾದದ್ದು ಎತ್ತರಕ್ಕಲ್ಲ, ದೂರಕ್ಕೆ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ. ಅದರಾಚೆಯ ಭೀಮಗಡ ಅಭಯಾರಣ್ಯವೇ (2011ರಲ್ಲಿ ಘೋಷಿತ) ಸುಮಾರು 190 ಚದರ ಕಿ.ಮೀ. ಕಾಡು. ಅಲ್ಲಿ ಎಷ್ಟೋ ಕಡೆ ಫೋನ್ ಸಿಗದು. 108 ಗಾಡಿ ರಸ್ತೆಯವರೆಗೆ ಮಾತ್ರ ಬರುತ್ತದೆ. ರಸ್ತೆಯವರೆಗೆ ರೋಗಿಯನ್ನು ನೀವೇ ಹೊರಬೇಕು. ಆದ್ದರಿಂದ ಅರ್ಧ ಚಿಕಿತ್ಸೆ ಮನೆಯಲ್ಲೇ ಆಗಬೇಕು.

ಹೊರಡುವ ಮುನ್ನ

ಆರು ದಿನ ಕುರ್ಚಿಯಲ್ಲಿ ಕುಳಿತ ದೇಹ ಏಳನೆಯ ದಿನ ಒಮ್ಮೆಲೆ ಬೆಟ್ಟ ಹತ್ತಲಾರದು. ಮೂರು ನಾಲ್ಕು ವಾರ ಮೊದಲೇ ಯಳ್ಳೂರ ಗಡದಂಥ ಹತ್ತಿರದ ಗುಡ್ಡವನ್ನು ಹತ್ತಿ ಇಳಿದು ಅಭ್ಯಾಸ ಮಾಡಿ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸಿಗರೇಟು ಸೇದುವವರು ವೈದ್ಯರಿಗೆ ತೋರಿಸಿಯೇ ಹೊರಡಿ. ಮಾತ್ರೆಯ ಪ್ರಮಾಣವನ್ನು ನೀವಾಗಿ ಬದಲಿಸಬೇಡಿ, ಕೇಳಿ ಬದಲಿಸಿ. ನಿಮ್ಮ ಕಾಯಿಲೆ ಜೊತೆಗಾರರಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಇದರಲ್ಲಿ ನಾಚಿಕೆ ಬೇಡ.

ಹತ್ತುವಾಗ

ಘಟ್ಟದ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗದು. ಬಾಯಾರುವವರೆಗೆ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಒಯ್ಯಿರಿ. ರೊಟ್ಟಿ, ಶೇಂಗಾ ಉಂಡಿ ಚೀಲದಲ್ಲಿರಲಿ.

ಜೊತೆಗಾರ ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಬೆಂಕಿಯಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಸಾಗಾಟ. ಸಕ್ಕರೆ ಕಾಯಿಲೆಯವರು ತಣ್ಣಗೆ ಬೆವತು ನಡುಗಿದರೆ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ಇಲ್ಲವೆ ಗ್ಲೂಕೋಸ್ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅಲ್ಲಿಗೇ ಚಾರಣ ಮುಗಿಯಿತು. ಅದನ್ನು 'ಗ್ಯಾಸ್' ಎಂದು ತಳ್ಳಿಹಾಕಬೇಡಿ.

ಹಾವು ಕಚ್ಚಿದರೆ

ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ತಪ್ಪು. ಉಂಗುರ, ಗಡಿಯಾರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಕೋಲಿಗೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ, ರೋಗಿಯನ್ನು ನಡೆಸದೆ ಹೊತ್ತು ತನ್ನಿ. ಕಚ್ಚಿದ ವೇಳೆ ಬರೆದಿಡಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬ ರೋಗಿಯನ್ನು ಮಾಡಬೇಡಿ. ಮದ್ದು ಆಸ್ಪತ್ರೆಯಲ್ಲಿದೆ, ಮಂತ್ರದಲ್ಲಿಲ್ಲ.

ಮರಳಿ ಬಂದ ಮೇಲೆ

ಮಂಗನ ಕಾಯಿಲೆಯ ಹೆಸರು ಕೇಳಿದ್ದೀರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ, ಖಾನಾಪುರದ ನೆರೆಯ ಗೋವಾದ ಸತ್ತರಿಯಲ್ಲಿ 2015ರಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ 2016ರಲ್ಲಿ ಕಾಣಿಸಿಕೊಂಡಿತು. ಹರಡುವುದು ಕಾಡಿನ ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇ ವರೆಗೆ ಹೆಚ್ಚು. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಇರಲಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗನ ಹತ್ತಿರ ಸುಳಿಯಬೇಡಿ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಜ್ವರ ಬರುತ್ತದೆ. ಅಷ್ಟರಲ್ಲಿ ಬೆಟ್ಟ ಮರೆತೇ ಹೋಗಿರುತ್ತದೆ! ಆದ್ದರಿಂದ ಜ್ವರ, ತಲೆನೋವು, ಮೈಕೈ ನೋವು ಬಂದರೆ "ಕಾಡಿಗೆ ಹೋಗಿದ್ದೆ" ಎಂದು ವೈದ್ಯರಿಗೆ ಮೊದಲು ಹೇಳಿ. ನೋವಿನ ಮಾತ್ರೆ ನೀವೇ ನುಂಗಬೇಡಿ.

ಆ ಗೃಹಸ್ಥರ ಮಾತ್ರೆಯ ಪ್ರಮಾಣ ಇಳಿಸಿ, ನಾಷ್ಟಾ ಮಾಡಿಯೇ ಹೊರಡಲು ಹೇಳಿ ಕಳಿಸಿದೆ. ಆದರೂ ಅರ್ಧ ದಾರಿಯಲ್ಲಿ ಬೆವತು ನಡುಗಿದರಂತೆ. ಕಾಯಿಲೆ ಗೊತ್ತಿದ್ದ ಗೆಳೆಯ ಕಿಸೆಯಿಂದ ಗ್ಲೂಕೋಸ್ ತೆಗೆದುಕೊಟ್ಟರು. ಕಾಲು ತಾಸಿನಲ್ಲಿ ಚೇತರಿಸಿಕೊಂಡರು. ತುದಿ ಮುಟ್ಟದೆ ಅಲ್ಲಿಂದಲೇ ಇಳಿದು ಬಂದರು. ಅದು ಸೋಲಲ್ಲ. ಬೆಟ್ಟ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ.